ಮೊಂತಿನ್ ಸಿದ್ದಿ ನಗದೆ ನಿಂತ ಫೋಟೋ

ಹಳಿಯಾಳದ ಹತ್ತಿರ ಒಂದು ಹಳ್ಳಿ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವಾಕೆ ಮೊಂತಿನ್ ಸಿದ್ದಿ.

ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವಾದಲ್ಲಿ ಮಾರಿದ ಜನರ ವಂಶ ಆಕೆಯದು... ಆಡುವ ಮಾತು ಮಾತ್ರ ಕನ್ನಡ, ಕೊಂಕಣಿ.

ಪ್ರವಾಸಿಗರ ಜೀಪು ಶಾಲೆಯ ಗೇಟಿನ ಮುಂದೆ ನಿಲ್ಲುತ್ತಿತ್ತು. "ಸ್ವಲ್ಪ ನಗಿ ಅಮ್ಮಾ... ಒಂದು ಸ್ಟೆಪ್ ಹಾಕಿ!"

ಮೊಂತಿನ್ ನಗುತ್ತಿದ್ದಳು. ಫೋನು ಕ್ಲಿಕ್ ಅನ್ನುತ್ತಿತ್ತು. ಜೀಪು ಹೋಗುತ್ತಿತ್ತು.

ಒಳಗೆ ಏನೂ ಆಗುತ್ತಿರಲಿಲ್ಲ... ಸಿಟ್ಟೂ ಇಲ್ಲ, ಬೇಸರವೂ ಇಲ್ಲ.

ಕಳೆದ ಚಳಿಗಾಲದಲ್ಲಿ ಮೊಜಾಂಬಿಕ್ ದೇಶದಿಂದ ಅಲ್ಸಿಂದಾ ಎಂಬ ಫೋಟೋಗ್ರಾಫರ್ ಬಂದಳು. ಕಡಲು ದಾಟಿಸಿ ಒಯ್ದ ತನ್ನ ಜನ ಈಗ ಎಲ್ಲೆಲ್ಲಿದ್ದಾರೆ ಎಂದು ಹುಡುಕಿ, ಅವರ ಭಾವಚಿತ್ರ ತೆಗೆಯುವುದು ಆಕೆಯ ಕೆಲಸ.

ಅವಳ ಇಂಗ್ಲಿಷನ್ನು ಶಾಲೆಯ ಸುಮಂಗಲಾ ಟೀಚರ್ ಕನ್ನಡದಲ್ಲಿ ಹೇಳುತ್ತಿದ್ದರು.

ಕ್ಯಾಮೆರಾ ಕಂಡದ್ದೇ ಮೊಂತಿನ್ ನಕ್ಕಳು. "ಕುಣೀಬೇಕೇನ್ರಿ?"

"ಬ್ಯಾಡ ಅಂತಾರ," ಟೀಚರ್ ಹೇಳಿದರು. "ನಿಮಗ ಹೆಂಗ ಬೇಕೋ ಹಂಗ ನಿಂದರ್ರಿ ಅಂತಾರ."

ಹೆಂಗ ಬೇಕೋ ಹಂಗ...? ಹಾಗೆ ಯಾರೂ ಕೇಳಿರಲಿಲ್ಲ. ಮೊಂತಿನ್ ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟು ನೆಟ್ಟಗೆ ನಿಂತಳು. ನಗು ತಾನಾಗಿ ಇಳಿಯಿತು.

ಆಮೇಲೆ, ಇವತ್ತು ಏನು ಅಡುಗೆ ಎಂದು ಹೇಳುವಷ್ಟೇ ಸಪ್ಪೆಯಾಗಿ ಹೇಳಿದಳು...

"ನಮ್ಮ ಯಜಮಾನರು ಕೈತಾನ್ ತೀರಿಕೊಂಡು ಒಂಬತ್ತು ದಿನ ಆಗಿತ್ರಿ. ಒಂದು ರೆಸಾರ್ಟಿನಾಗ ನಮ್ಮ ಸಿದ್ದಿ ಹೆಣ್ಮಕ್ಕಳ ತಂಡದ ಕುಣಿತ ಮೊದಲs ಒಪ್ಪಿಕೊಂಡಿದ್ವಿ. ಹೋದೆ. ಕುಣಿದೆ. ನಗ್ರಿ ಅಂದ್ರು... ನಕ್ಕೆ. ಅವತ್ತಿಂದ ನನಗ ಅಳೂ ಬರವಲ್ದು."

ಟೀಚರ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು.

ಅಲ್ಸಿಂದಾ ಕ್ಯಾಮೆರಾ ಕೆಳಗಿಟ್ಟಳು. ಮೊಂತಿನ್‌ಳ ಒದ್ದೆ ಕೈ ಹಿಡಿದು ಏನೋ ಹೇಳಿದಳು.

"ಅವರ ಊರಾಗ, ಹಡಗ ಹತ್ತಿಸಿಕೊಂಡು ಒಯ್ದ ಮಂದಿ ಎಲ್ಲಾ ಸತ್ತರು ಅಂತ ಹಿಂದಿನವ್ರು ಅತ್ತು ಮುಗಿಸಿದ್ರಂತ... ನೀವು ಬದುಕಿದ್ದು ನಮಗ ಗೊತ್ತs ಇರಲಿಲ್ಲಕ್ಕಾ ಅಂತಾರ," ಟೀಚರ್ ಹೇಳಿದರು.

ಅಲ್ಸಿಂದಾ ಬಿಕ್ಕಿ ಬಿಕ್ಕಿ ಅತ್ತಳು. ಮೊಂತಿನ್ ಅಳಲಿಲ್ಲ. "ಅಳಬ್ಯಾಡ ತಂಗಿ... ತಗಿ ಫೋಟೋ," ಅಂದಳು.

ಎರಡು ತಿಂಗಳಾದ ಮೇಲೆ ಧಾರವಾಡದಲ್ಲಿ ಪ್ರದರ್ಶನ. ಬಾಗಿಲಿಗಿಂತ ಎತ್ತರದ ಚಿತ್ರದಲ್ಲಿ ಮೊಂತಿನ್... ನೇರ ನೋಟ, ಮುಚ್ಚಿದ ತುಟಿ. ಕೆಳಗೆ ಕನ್ನಡದಲ್ಲಿ ಆಕೆಯ ಪೂರ್ತಿ ಹೆಸರು.

ಬಂದವರೆಲ್ಲ ಆ ಚಿತ್ರದೆದುರು ನಿಂತು ಹೆಸರು ಓದುತ್ತಿದ್ದರು. ಮುದುಕರೊಬ್ಬರು ಚಪ್ಪಲಿ ಕಳಚಿ ನಿಂತರು.

ಮೊಂತಿನ್ ಕೂಡ ನೋಡಿದಳು. "ಚಲೋ ಬಂದೈತಿ," ಅಂದಳು. ಅಷ್ಟೇ.

ವಾಪಸು ಒಬ್ಬಳೇ ಹಳಿಯಾಳದ ಬಸ್ಸು ಹತ್ತಿದಳು. ಬಸ್ಸು ಧಾರವಾಡ ದಾಟಿ ಸ್ವಲ್ಪ ದೂರ ಹೋಗಿತ್ತು... ಟಿಕೆಟ್ ಕೊಡಲು ಬಂದ ಕಂಡಕ್ಟರ್ ಗಾಬರಿಯಾದ.

"ಯಾಕ್ರೀ ಅಕ್ಕಾರ... ಯಾಕ ಅಳಾಕತ್ತೀರಿ?"

"ನಮ್ಮ ಯಜಮಾನರು ತೀರಿಕೊಂಡ್ರು."

"ಅಯ್ಯೋ ದೇವರೇ... ಯಾವಾಗ್ರಿ?"

"ಮೂರು ವರ್ಷ ಆತು."

ಕಂಡಕ್ಟರ್ ಪಕ್ಕದ ಸೀಟಿನವನಿಗೆ ಹಿಂದೆ ಹೋಗಲು ಸನ್ನೆ ಮಾಡಿದ.

ಹಳಿಯಾಳ ಬರುವವರೆಗೂ ಮೊಂತಿನ್ ಅಳುತ್ತಲೇ ಇದ್ದಳು.

ನಗದೆ ಇರುವುದೂ ಮನುಷ್ಯನ ಹಕ್ಕೇ.

ಇಲ್ಲಿಯವರೆಗೆ ನಾವು ಎಷ್ಟು ಜನರ ಫೋಟೋ ತೆಗೆದಿದ್ದೇವೆ... ಅವರಲ್ಲಿ ಎಷ್ಟು ಜನರ ಹೆಸರು ಕೇಳಿದ್ದೇವೆ?