ನಿಂತ ಕಾರಿನ ಸದ್ದು

ಆದಿಲಕ್ಷ್ಮಿ ಆಕ್ಸಿಲರೇಟರ್ ಒತ್ತಿದೊಡನೆ ಮನೆಮುಂದೆ ನಿಂತಿದ್ದ ಕಾರು ಅರಚಿಕೊಂಡಿತು. ಗಂಡನಿಗೆ ಲಕ್ವಾ ಹೊಡೆದ ಮೇಲೆ ಅವನಿಗೆ ಉಣಿಸುವುದು, ಮೈ ಒರೆಸುವುದು, ಹೊರಳಿಸಿ ಮಲಗಿಸುವುದು ಎಲ್ಲ ಅವಳ ಪಾಲಿಗೇ ಬಂದಿತ್ತು. ಬ್ಯಾಟರಿ ಡೌನ್ ಆಗದಂತೆ ಅವನ ಕಾರನ್ನು ದಿನಾ ಚಾಲು ಮಾಡುವುದೂ ಅದರಲ್ಲೊಂದು. ಸಾಕಾಗಿದ್ದ ಅವಳು, ಇದೊಂದು ಬೇಗ ಮುಗಿಯಲೆಂದು ಇನ್ನಷ್ಟು ಒತ್ತಿದಳು.

“ಲಕ್ಷ್ಮೀ... ರೇಸ್ ಕೊಡಬ್ಯಾಡ... ಇಂಜಿನ್ ಹಾಳಾಗ್ತೈತಿ!”

ಮನೆಯ ಕಿಟಕಿಯೊಳಗಿಂದ ಬಂದದ್ದು ಗಂಡ ಶ್ರೀರಾಮುಲುವಿನ ದನಿ. ಆದೋನಿ, ಕೌತಾಳಂ ಎಂದು ವರ್ಷಗಟ್ಟಲೆ ಟ್ಯಾಕ್ಸಿ ಓಡಿಸಿದವನು, ಹಾಸಿಗೆ ಹಿಡಿದಂದಿನಿಂದ ಒಂದು ಮಾತೂ ಆಡಿರಲಿಲ್ಲ. ನಾಲಿಗೆ ತೊದಲುತ್ತಿತ್ತು, ಸಿಟ್ಟು ಮಾತ್ರ ಹಳೆಯದೇ.

ಆದಿಲಕ್ಷ್ಮಿಯ ಕಾಲು ತಾನಾಗಿ ಮೇಲೆದ್ದಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಜಿನ್ ಹಾಳಾದರೆ ಆಗಲಿ, ಅವನು ಇನ್ನೊಮ್ಮೆ ಬೈಯಲಿ ಎಂದು ಬೇಕಂತಲೇ ಮತ್ತೆ ಜೋರಾಗಿ ಒತ್ತಿದಳು.