ತಣ್ಣನೆ ಹಣೆ

ಗೇಟಿನಲ್ಲಿದ್ದ ಜ್ವರ ಅಳೆಯುವ ಯಂತ್ರವನ್ನು ನಂಬುವುದಾದರೆ, ಆ ವಾರ ಶಿಶುವಿಹಾರದೊಳಗೆ ಹೋದ ಮಕ್ಕಳಲ್ಲಿ ಒಂದೂ ಬದುಕಿರಲಿಲ್ಲ. ಹಣೆಗೆ ಹಿಡಿದರೆ, ಜ್ವರದ ಅಂಕಿ ಇರಲಿ, ಜೀವವಿರುವವರ ಅಂಕಿಯನ್ನೂ ಅದು ತೋರಿಸುತ್ತಿರಲಿಲ್ಲ. ನಿನ್ನೆಯಂತೂ ಒಂದು ಮಗು ಎಂಬತ್ತೇಳು ಡಿಗ್ರಿಗಿಳಿದು, ವಾಚ್‌ಮನ್‌ಗೆ ಕೈಬೀಸಿ, ಕುಣಿಯುತ್ತ ಒಳಗೆ ಓಡಿತ್ತು. ಶಾಲೆ ಶುರುವಾದಾಗಿನಿಂದ ಶೀತ, ಕೆಮ್ಮು, ಜ್ವರ ಒಂದು ಮಗುವಿನಿಂದ ಇನ್ನೊಂದಕ್ಕೆ ಚೆಂಡಿನಂತೆ ದಾಟುತ್ತಿದ್ದುದನ್ನು ತಡೆಯಲೆಂದೇ ಮುಖ್ಯೋಪಾಧ್ಯಾಯಿನಿ ಅದನ್ನು ಕೊಂಡಿದ್ದರು. ಹಣೆ ಬಿಸಿಯಿದ್ದರೆ ಮಗು ವಾಪಸ್ಸು. ವಾಪಸ್ಸು ಹೋದವರು ಒಬ್ಬರೂ ಇಲ್ಲ. ಒಳಗೆ ಕೆಮ್ಮು ಮಾತ್ರ ನಿಂತಿಲ್ಲ. ಹಾಗಾಗಿ ಈ ದಿನ ಬೆಳಿಗ್ಗೆ, ಯಂತ್ರ ಮಾರಿದ್ದ ಏಜೆಂಟನನ್ನೇ ಕರೆಸಿ ಗೇಟಿನಲ್ಲಿ ನಿಲ್ಲಿಸಿದ್ದರು.

ಯಂತ್ರಕ್ಕೆ ಏನೂ ಆಗಿಲ್ಲವೆಂಬುದು ಸಾಲಿನಲ್ಲಿದ್ದ ತಾಯಂದಿರಿಗೆಲ್ಲ ಗೊತ್ತಿತ್ತು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಅಷ್ಟೆ. ರಸ್ತೆಯ ತಿರುವು ಬರುತ್ತಿದ್ದಂತೆ ಒಬ್ಬೊಬ್ಬರ ಚೀಲದಿಂದಲೂ ಒಂದು ಒದ್ದೆ ಕರವಸ್ತ್ರ ಹೊರಬರುತ್ತಿತ್ತು. "ಅಯ್ಯೋ, ಎಷ್ಟು ಬೆವರ್ತಾಳೆ ನೋಡಿ ಇವಳು!" ಎನ್ನುತ್ತ ಮಗುವಿನ ಹಣೆ ಒರೆಸುತ್ತಿದ್ದರು. ಚಳಿಗೆ ಸ್ವೆಟರ್ ತೊಟ್ಟು ಬಂದ ಮಕ್ಕಳು ಹೀಗೇಕೆ ಬೆವರುತ್ತಾರೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಸಾಲಿನ ಮೊದಲಿಗೆ ಗಿಣಿ ಮತ್ತು ಅವಳ ಅಮ್ಮ. ಗಿಣಿಗೆ ನಿನ್ನೆ ಸಂಜೆಯಿಂದ ಜ್ವರ. ಅಮ್ಮ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಇದ್ದಬದ್ದ ರಜೆಗಳನ್ನೆಲ್ಲ ಮಗಳ ಮೂಗು ನುಂಗಿಹಾಕಿತ್ತು. ಅಪ್ಪನ ರಜೆಗಳು ಹಾಗೇ ಇದ್ದವು. "ನಿಜವಾದ ಕಷ್ಟ ಅಂತ ಏನಾದ್ರೂ ಬಂದ್ರೆ ಇರ್ಲಿ" ಎಂದು ಅವನು ಅವನ್ನು ಕಾಪಿಟ್ಟಿದ್ದ. ಅಂಗಡಿ ಯಜಮಾನರು ಮಾತ್ರ ನಿನ್ನೆ ಕಡ್ಡಿ ಮುರಿದಂತೆ ಹೇಳಿದ್ದರು: "ನೋಡಮ್ಮ, ನನ್ನ ಅಂಗಡಿ ನಡೆಯೋದು ಗಿರಾಕಿಗಳ ಮೂಗಿನ ಮೇಲೆ, ನಿನ್ನ ಮಗಳ ಮೂಗಿನ ಮೇಲಲ್ಲ. ನಾಳೆ ಬಂದ್ರೆ ಬಾ. ಇಲ್ಲಾಂದ್ರೆ ಮುಂದಕ್ಕೂ ಬರೋದು ಬೇಡ." ಡಾಕ್ಟರರನ್ನು ಕೇಳಿದರೆ, ಶಾಲೆಗೆ ಸೇರಿದ ಹೊಸತರಲ್ಲಿ ಇದೆಲ್ಲ ಇದ್ದದ್ದೇ, ಮಕ್ಕಳು ಹೀಗೇ ಗಟ್ಟಿಯಾಗುತ್ತಾರೆ ಎಂದಿದ್ದರು. ತಾಯಂದಿರು ಏನಾಗುತ್ತಾರೆಂದು ಅವಳೂ ಕೇಳಿರಲಿಲ್ಲ.

ಏಜೆಂಟ್ ಟೈ ಸರಿಮಾಡಿಕೊಂಡು ಯಂತ್ರವನ್ನು ತನ್ನ ಹಣೆಗೆ ಹಿಡಿದ. ಆಮೇಲೆ ವಾಚ್‌ಮನ್ ಹಣೆಗೆ. ಆಮೇಲೆ, ಅಪ್ಪಣೆ ಕೇಳಿ, ಮುಖ್ಯೋಪಾಧ್ಯಾಯಿನಿಯ ಹಣೆಗೆ.

"ನೋಡಿ ಮೇಡಂ, ತೊಂಬತ್ತೆಂಟು. ಕಣ್ಣಿಗೊತ್ಕೊಬೇಕು, ಅಂಥಾ ಮಾಲು ಇದು."

"ನಂದು ಸರಿಯಾಗೇ ಇರತ್ತೆ. ಮಕ್ಕಳದು ನೋಡಿ."

ಅವನು ಗಿಣಿಯ ಮುಂದೆ ಬಗ್ಗಿದ. ಎಂಬತ್ತೊಂಬತ್ತು. ಮತ್ತೆ ಹಿಡಿದ. ಎಂಬತ್ತೊಂಬತ್ತೇ. "ಏನು ಪುಟ್ಟಿ, ಸೀದಾ ಫ್ರಿಜ್ಜಿಂದ ಎದ್ದು ಬಂದ್ಯಾ?" ಎಂದು ನಗುತ್ತ ಹಣೆ ಮುಟ್ಟಿದ. ಬೆರಳು ಒದ್ದೆಯಾಯಿತು. ಅನುಮಾನಿಸುತ್ತ ಕೈಯನ್ನು ಸ್ವೆಟರಿನ ಕತ್ತಿನೊಳಗೆ ಇಳಿಸಿದವನು ಥಟ್ಟನೆ ಹಿಂದಕ್ಕೆಳೆದುಕೊಂಡ.

"ಮೇಡಂ, ಮಗು ಕಾದ ಹೆಂಚಿದ್ದಂಗಿದೆ! ಹಣೆಗೆ ಮಾತ್ರ ನೀರು ಹಚ್ಚಿದಾರೆ. ನನ್ನ ಯಂತ್ರದ್ದೇನೂ ತಪ್ಪಿಲ್ಲ."

ಸಾಲಿನಲ್ಲಿ ಒದ್ದೆ ಕರವಸ್ತ್ರಗಳೆಲ್ಲ ಸರಸರನೆ ಚೀಲ ಸೇರಿದವು. ಆಮೇಲೆ ಹಿಂದಿನಿಂದ ಒಬ್ಬಾಕೆ, "ಏನ್ರೀ, ನೀವು ಯಂತ್ರ ನೋಡೋಕೆ ಬಂದೋರೋ, ನಾಡಿ ಹಿಡಿಯೋಕೆ ಬಂದೋರೋ?" ಎಂದಳು. ಅವಳ ಹಿಂದಿನವಳಿಗೂ ಧೈರ್ಯ ಬಂತು. "ಕಂಡೋರ ಮಕ್ಕಳನ್ನ ಮುಟ್ಟೋ ಮೊದ್ಲು ಕೈ ತೊಳ್ಕೊಳ್ಳಿ. ಇಂಥೋರಿಂದಾನೇ ಕಾಯಿಲೆ ಹರಡೋದು!"

ಮುಖ್ಯೋಪಾಧ್ಯಾಯಿನಿ ಗಿಣಿಯನ್ನು ನೋಡಿದರು. ಅವರ ಕಣ್ಣು ಅಲ್ಲಿಂದ ಮುಂದಿನ ಮಗುವಿಗೆ, ಅದರ ಹಿಂದಿನದಕ್ಕೆ, ಹೀಗೇ ಸಾಗಿತು. ಎಳೆಬಿಸಿಲಿನಲ್ಲಿ ಪುಟ್ಟ ಪುಟ್ಟ ಹಣೆಗಳು ರಸ್ತೆಯ ತಿರುವಿನವರೆಗೂ ಫಳಫಳ ಹೊಳೆಯುತ್ತಿದ್ದವು. ಒಬ್ಬಳನ್ನು ವಾಪಸ್ಸು ಕಳಿಸಿದರೆ ಎಲ್ಲರನ್ನೂ ಕಳಿಸಬೇಕು. ಎಲ್ಲರನ್ನೂ ಕಳಿಸಿದರೆ ಶಾಲೆಯಲ್ಲಿ ಉಳಿಯುವುದು ತಾವು ಮತ್ತು ವಾಚ್‌ಮನ್. ಅವರು ಗಂಟಲು ಸರಿಮಾಡಿಕೊಳ್ಳಲು ಹೋಗಿ ತಾವೇ ಸ್ವಲ್ಪ ಕೆಮ್ಮಿದರು.

"ಕುತ್ತಿಗೆ ನೋಡಿ ಅಂತ ನಿಮಗೆ ಹೇಳಿದ್ದು ಯಾರು? ನಮ್ಮ ಶಾಲೆ ನಿಯಮದಲ್ಲಿ ಹಣೆ ಅಂತಿದೆ. ಹಣೆ ತಣ್ಣಗಿದೆ. ಒಳಗೆ ಬಿಡಿ."

"ಅಂದ್ರೆ ಯಂತ್ರ ಸರಿ ಇದೆ ಅಂತಾಯ್ತಲ್ಲ, ಮೇಡಂ?"

"ಸರಿ ಇದೆ."

ಏಜೆಂಟನ ಮುಖ ಅರಳಿತು. ವಾಚ್‌ಮನ್ ಗೇಟು ತೆರೆದ. ಗಿಣಿಯ ಅಮ್ಮ ಮನೆಯಿಂದ ಇಲ್ಲಿಯವರೆಗೂ ಬೇಡಿಕೊಂಡು ಬಂದದ್ದು ಇದನ್ನೇ. ಬೇಕಾದರೆ ಜಗಳವಾಡಲು ನಾಲ್ಕು ಮಾತು, ಅದಕ್ಕೂ ಆಗದಿದ್ದರೆ ಒಂದಿಷ್ಟು ಅಳು, ಎಲ್ಲ ಸಿದ್ಧಮಾಡಿಟ್ಟುಕೊಂಡಿದ್ದಳು. ಯಾವುದೂ ಬೇಕಾಗಲಿಲ್ಲ. ಅವಳು ಏಜೆಂಟನ ಮುಖ ನೋಡಿದಳು, ಇನ್ನೊಂದು ಮಾತು ಹೇಳುವನೇನೋ ಎಂಬಂತೆ. ಅವನು ಯಂತ್ರವನ್ನು ತನ್ನ ಟೈಯ ತುದಿಯಿಂದ ಒರೆಸುತ್ತಿದ್ದ. ಅಂಗಡಿಗೆ ಹೋಗುವ ಬಸ್ಸು ಬರುವ ಹೊತ್ತಾಗಿತ್ತು. ಆದರೂ ಮಗಳ ಬಿಸಿ ಅಂಗೈಯನ್ನು ಹಿಡಿದ ಅವಳ ಬೆರಳುಗಳು ಸಡಿಲವಾಗಲಿಲ್ಲ.

ಗಿಣಿ ಕೆಂಪಾದ ಕಣ್ಣೆತ್ತಿ ನೋಡಿದಳು. "ಅಮ್ಮಾ, ನಾನು ಪಾಸಾ?"

ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಯಾರೋ ಅವಳ ಭುಜ ತಟ್ಟಿದರು.

"ಬೇಗ ಬಿಡಿ ಅಕ್ಕ, ನಮ್ಮವನ ಹಣೆ ಒಣಗ್ತಾ ಇದೆ."