ಹತ್ತೊಂಬತ್ತನೆಯ ಅಧ್ಯಾಯ

"ಅದೇ ವಾಕ್ಯ ಓದ್ಬುಡಿ ಅಯ್ನೋರೆ, ಹೆಂಡ್ತಿ ಗಂಡನಿಗೆ ತಗ್ಗಿ ನಡೀಬೇಕು ಅನ್ನೋದು. ಓದಿ, ಪ್ರಾರ್ಥನೆ ಮಾಡಿ ಇವಳನ್ನ ಕಳ್ಸಿಬುಡಿ" ಎಂದ ಶಿವರಾಜು.

ಬಿಳಿಗೆರೆಯ ಆ ಮನೆಯಲ್ಲಿ ಕೋಳಿಸಾರಿನ ಊಟ ಆಗಷ್ಟೇ ಮುಗಿದಿತ್ತು. ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ ಅಳಿಯ ಪ್ರಭಾಕರ ಕುರ್ಚಿಯಲ್ಲಿ ಹಲ್ಲಿಗೆ ಕಡ್ಡಿ ಹಾಕುತ್ತ ಕೂತಿದ್ದ. ಶಿವರಾಜುವಿನ ಮಗಳು ಜೀವಿತಾ ಗೋಡೆಗೆ ಒರಗಿ ನಿಂತಿದ್ದಳು. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್. ಜಾರಿ ಬಿದ್ದಳು ಅಂತ ಎಲ್ಲರಿಗೂ ಹೇಳಿದ್ದರು. ಬಿದ್ದದ್ದಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಪಾಸ್ಟರ್ ಸತ್ಯಮಿತ್ರ ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬೆಳಗ್ಗೆ ತಿಪಟೂರಿನಲ್ಲಿ ಆರಾಧನೆ, ಆಮೇಲೊಂದು ಹೆಣಕ್ಕೆ ಮಣ್ಣು ಕೊಡುವ ಪ್ರಾರ್ಥನೆ, ಆಮೇಲೆ ನಿಂತೇ ಬಂದ ಬಸ್ಸು. ಅದೆಲ್ಲ ನಿದ್ದೆ ಮಾಡಿದರೆ ಹೋಗುವ ದಣಿವು. ಇದೇ ಹುಡುಗಿಗೆ ಇದೇ ವಾಕ್ಯವನ್ನು ಅವರು ಈ ಮೊದಲು ಎರಡು ಸಲ ಓದಿದ್ದರು. ಎರಡು ಸಲವೂ ಅವಳು ಆಮೆನ್ ಅಂದು ಗಂಡನ ಬೈಕು ಹತ್ತಿದ್ದಳು.

ಪುಸ್ತಕ ತಾನಾಗಿಯೇ ಆ ವಾಕ್ಯದ ಪುಟಕ್ಕೆ ತೆರೆದುಕೊಂಡಿತು. ಅವರು ಹಾಳೆಗಳನ್ನು ಹಿಂದಕ್ಕೆ ತಿರುವುತ್ತ ಹೋದರು.

"ಹಳೆಯ ಒಡಂಬಡಿಕೆ, ನ್ಯಾಯಸ್ಥಾಪಕರು. ಹತ್ತೊಂಬತ್ತನೆಯ ಅಧ್ಯಾಯ" ಎಂದು ಓದತೊಡಗಿದರು.

ಹೆಣ್ಣೊಬ್ಬಳು ಗಂಡನನ್ನು ಬಿಟ್ಟು ಅಪ್ಪನ ಮನೆ ಸೇರುತ್ತಾಳೆ. ನಾಲ್ಕು ತಿಂಗಳಾದ ಮೇಲೆ ಅವನು ಒಳ್ಳೆಯ ಮಾತಾಡಿ ಕರೆದೊಯ್ಯಲು ಬರುತ್ತಾನೆ. ಅಪ್ಪನಿಗೆ ಹಿಗ್ಗು. ದಿನವೂ ಊಟ ಹಾಕಿ ಅಳಿಯನನ್ನು ಉಳಿಸಿಕೊಳ್ಳುತ್ತಾನೆ. ಶಿವರಾಜು ತಲೆದೂಗಿದ. ಐದನೆಯ ದಿನ ಅವಳು ಗಂಡನ ಜೊತೆ ಹೊರಡುತ್ತಾಳೆ. ದಾರಿಯಲ್ಲಿ ತಂಗಿದ ಊರಿನಲ್ಲಿ ಪುಂಡರು ಬಾಗಿಲು ಬಡಿಯುತ್ತಾರೆ. ಗಂಡ ತನ್ನ ಜೀವ ಉಳಿಸಿಕೊಳ್ಳಲು ಅವಳನ್ನೇ ಹಿಡಿದು ಹೊರಗೆ ತಳ್ಳುತ್ತಾನೆ. ಬೆಳಗಾದಾಗ ಅವಳು ಹೊಸ್ತಿಲ ಮೇಲೆ ಕೈಯಿಟ್ಟು ಬಿದ್ದಿದ್ದಾಳೆ. ಏಳು, ಹೋಗೋಣ ಅನ್ನುತ್ತಾನೆ ಗಂಡ. ಅವಳು ಏಳುವುದಿಲ್ಲ.

"ಏನ್ರೀ ಇದು? ಇದೂ ದೇವರ ವಾಕ್ಯನಾ?" ಪ್ರಭಾಕರ ಕಡ್ಡಿ ಎಸೆದ.

"ಇದೂ ಇದ್ರಲ್ಲೇ ಐತೆ ಕಣಪ್ಪ. ಹಿಂಗೆ ಮಾಡಿ ಅಂತ ಬರೆದಿದ್ದಲ್ಲ; ಹಿಂಗಾಯ್ತು, ಮರೀಬೇಡಿ ಅಂತ ಬರೆದಿದ್ದು. ಮೂವತ್ತು ವರ್ಷ ನಾನೇ ಇದನ್ನ ದಾಟ್ಕಂಡು ಓದಿದೆ."

"ಹಂಗಾರೆ ನೀವು ಮೊದ್ಲು ಓದಿದ್ದು ಸುಳ್ಳಾ?"

"ಈ ಕೈ ನೋಡ್ಕಂಡು ಅದನ್ನ ಓದೋಕೆ ನನ್ ಕೈಲಾಗಲ್ಲ."

ಶಿವರಾಜು ತೆಂಗಿನಕಾಯಿ ಸುಲಿದು ಸುಲಿದು ದಡ್ಡುಗಟ್ಟಿದ ತನ್ನ ಅಂಗೈಯನ್ನೇ ನೋಡುತ್ತಿದ್ದ. "ಸುದ್ದಿ ತಿಳಿದ್ಮೇಲೆ ಅವಳ ಅಪ್ಪ ಏನ್ ಮಾಡ್ದ ಅಯ್ನೋರೆ?"

"ಅಳಿಯನಿಗೆ ಊಟಕ್ಕಿಟ್ಟ ಅನ್ನೋವರ್ಗೂ ಬರೆದೈತೆ. ಆಮೇಲೆ ಅವನ ಸುದ್ದೀನೇ ಇಲ್ಲ."

ಶಿವರಾಜು ಅಂಗೈ ಮಡಚಿ, ತಲೆಯೆತ್ತದೆಯೇ ಹೇಳಿದ: "ನೀವು ಹೊರಡಿ ಅಳಿಯಂದ್ರೆ. ಅವಳು ಬರಲ್ಲ."

ಸಭೆಯ ಹಿರಿಯರಿಗೆ ದೂರು ಕೊಡ್ತೀನಿ ಅಂತ ಪಾಸ್ಟರಿಗೆ ಬೆರಳು ತೋರಿಸಿ ಪ್ರಭಾಕರ ಹೊರಟ. ಬೈಕಿನ ಸದ್ದು ತೋಟಗಳ ನಡುವೆ ಕರಗಿತು. ಸತ್ಯಮಿತ್ರ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಎಡಗೈಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ಬಂದ ಜೀವಿತಾ ಅವರ ಮುಂದೆ ನಿಂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಆ ಎರಡು ಸಲ ನನ್ನ ಕಳಿಸ್ದಾಗ್ಲೂ ಇದು ಇದೇ ಪುಸ್ತಕದಲ್ಲಿತ್ತಾ, ಅಯ್ನೋರೆ?"